ಒಂದು ಸಹಿಯ ತೂಕ

ಭಾನುವಾರದ ಬಲಿಪೂಜೆ ಮುಗಿಸಿ ಹೊರಬರುವಾಗ, ದೇವಾಲಯದ ಬಾಗಿಲ ಬಳಿ ಮೇಜೊಂದನ್ನಿಟ್ಟು ಯಾವುದಾದರೊಂದು ಮನವಿಪತ್ರಕ್ಕೆ ಸಹಿ ಕೇಳುವ ಯುವಕ ಯುವತಿಯರನ್ನು ನೀವು ಕಂಡಿರಬಹುದು. ಕೆಲವರು ನಿಂತು ಓದಿ ಸಹಿ ಹಾಕುತ್ತಾರೆ, ಕೆಲವರು ಓದದೆಯೇ ಹಾಕುತ್ತಾರೆ, ಇನ್ನು ಕೆಲವರು "ಇದರಿಂದ ಏನಾದೀತು?" ಎನ್ನುತ್ತಾ ಮುಂದೆ ಸಾಗುತ್ತಾರೆ. ಈ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಕಾಗದದ ಮೇಲಿನ ಒಂದು ಹೆಸರಿಗೆ ನಿಜಕ್ಕೂ ತೂಕವಿದೆಯೇ? ಉತ್ತರಕ್ಕಾಗಿ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನತ್ತ ನಿಮ್ಮನ್ನು ಕರೆದೊಯ್ಯುತ್ತೇನೆ.

ಆಗ ಬ್ರಿಟಿಷ್ ಹಡಗುಗಳು ವರ್ಷವರ್ಷವೂ ಹತ್ತಾರು ಸಾವಿರ ಆಫ್ರಿಕನ್ನರನ್ನು ಸಂಕೋಲೆಯಲ್ಲಿ ಬಿಗಿದು, ಅಟ್ಲಾಂಟಿಕ್ ಸಾಗರದಾಚೆಯ ಕಬ್ಬಿನ ತೋಟಗಳಿಗೆ ಮಾರಲು ಸಾಗಿಸುತ್ತಿದ್ದವು. ಇದನ್ನು ಪ್ರತಿಭಟಿಸಲು 1787ರ ಮೇ 22ರಂದು ಲಂಡನ್ನಿನ ಮುದ್ರಣಾಲಯವೊಂದರಲ್ಲಿ ಹನ್ನೆರಡು ಮಂದಿ ಸಭೆ ಸೇರಿದರು. ಅವರಲ್ಲಿ ಒಂಬತ್ತು ಮಂದಿ ಕ್ವೇಕರ್ ಪಂಥದವರು, ಮೂವರು ಆಂಗ್ಲಿಕನ್ನರು. ಕ್ವೇಕರರಿಗೆ ಅಂದು ಸಂಸತ್ತಿನ ಬಾಗಿಲೇ ಮುಚ್ಚಿತ್ತು. ಆದ್ದರಿಂದ ಸಂಸತ್ತಿನೊಳಗೆ ದನಿಯೆತ್ತುವ ಹೊಣೆಯನ್ನು ವಿಲಿಯಂ ವಿಲ್ಬರ್‌ಫೋರ್ಸ್ ಹೊತ್ತರು. ಥಾಮಸ್ ಕ್ಲಾರ್ಕ್‌ಸನ್ ಎಂಬ ತರುಣ ಬಂದರಿನಿಂದ ಬಂದರಿಗೆ ಕುದುರೆಯೇರಿ ತಿರುಗುತ್ತಾ ನಾವಿಕರಿಂದ ಸಾಕ್ಷ್ಯಗಳನ್ನು ಕಲೆಹಾಕಿದರು.

ಅವರ ಕೈಯಲ್ಲಿದ್ದ ಆಯುಧ ಮನವಿಪತ್ರವೊಂದೇ. ಮ್ಯಾಂಚೆಸ್ಟರ್ ನಗರವನ್ನೇ ನೋಡಿ. ಬೆಳೆಯುತ್ತಿದ್ದ ಆ ಕೈಗಾರಿಕಾ ನಗರಕ್ಕೆ ಸಂಸತ್ತಿನಲ್ಲಿ ಒಬ್ಬನೇ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಆದರೂ ಗುಲಾಮರ ವ್ಯಾಪಾರ ನಿಲ್ಲಿಸಬೇಕೆಂದು ಅಲ್ಲಿಂದ ಹೊರಟ ಮನವಿಗೆ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. 1788ರಲ್ಲಿ ಇಂತಹ ನೂರಕ್ಕೂ ಹೆಚ್ಚು ಮನವಿಗಳು ಸಂಸತ್ತನ್ನು ತಲುಪಿದವು. ಮತ ಹಾಕುವ ಹಕ್ಕಿಲ್ಲದವನಿಗೂ ಮನವಿ ಸಲ್ಲಿಸುವ ಹಕ್ಕಿತ್ತು ಎಂಬುದನ್ನು ಗಮನಿಸಿ. ಮತಪೆಟ್ಟಿಗೆ ಕೈಗೆಟುಕದ ಸಾಮಾನ್ಯನಿಗೆ ಸಹಿಯೇ ಮತವಾಯಿತು.

ಮರುವರ್ಷ, 1789ರಲ್ಲಿ, ಶೆಫೀಲ್ಡ್ ನಗರದ 769 ಮಂದಿ ಲೋಹ ಕೆಲಸಗಾರರು ಸಲ್ಲಿಸಿದ ಮನವಿ ನಮ್ಮನ್ನು ಇನ್ನಷ್ಟು ಯೋಚನೆಗೆ ಹಚ್ಚುತ್ತದೆ. ಅವರು ಮಾಡುತ್ತಿದ್ದ ಚಾಕು ಕತ್ತರಿಗಳು ಆಫ್ರಿಕದ ಕರಾವಳಿಗೆ ಹೋಗಿ ಅದೇ ವ್ಯಾಪಾರದಲ್ಲಿ ಬಿಕರಿಯಾಗುತ್ತಿದ್ದವು. ವ್ಯಾಪಾರ ನಿಂತರೆ ಅವರ ಗಳಿಕೆಗೂ ಪೆಟ್ಟು ಬೀಳುವ ಸಂಭವವಿತ್ತು. ಅದನ್ನು ತಾವೇ ಒಪ್ಪಿಕೊಂಡು, ಆದರೂ ಇದು ನಿಲ್ಲಲಿ ಎಂದು ಅವರು ಕೇಳಿದರು. ತನ್ನ ಅನ್ನದ ತಟ್ಟೆಗೆ ಎದುರಾಗಿ ಹಾಕಿದ ಸಹಿಗೆ ಬೇರೆಯೇ ತೂಕವಿರುತ್ತದೆ, ಅಲ್ಲವೇ?

1791ರಲ್ಲಿ ವಿಲ್ಬರ್‌ಫೋರ್ಸ್ ಮಂಡಿಸಿದ ಪ್ರಸ್ತಾವ 88ಕ್ಕೆ ಎದುರಾಗಿ 163 ಮತಗಳಿಂದ ಬಿದ್ದುಹೋಯಿತು. ಆದರೆ ಜನ ಸುಮ್ಮನಾಗಲಿಲ್ಲ. ಗುಲಾಮರು ಬೆಳೆದ ಸಕ್ಕರೆಯನ್ನು ಲಕ್ಷಾಂತರ ಮಂದಿ ತ್ಯಜಿಸಿದರು. ಮನವಿಗೆ ಸಾಮಾನ್ಯವಾಗಿ ಸಹಿ ಹಾಕುತ್ತಿದ್ದವರು ಗಂಡಸರು. ಆದರೆ ಚಹಾದ ಬಟ್ಟಲಿಗೆ ಸಕ್ಕರೆ ಬೇಡವೆಂದು ತೀರ್ಮಾನಿಸಿದವರು ಮನೆಯ ಹೆಂಗಸರು. 1792ರಲ್ಲಿ 519 ಮನವಿಗಳು, ಸುಮಾರು 3,90,000 ಸಹಿಗಳೊಂದಿಗೆ ಸಂಸತ್ತಿಗೆ ಬಂದವು. ಅಷ್ಟಕ್ಕೆ ಸಿಕ್ಕ ಫಲವೇನು? ವ್ಯಾಪಾರವನ್ನು 'ಕ್ರಮೇಣ' ನಿಲ್ಲಿಸಬಹುದೆಂಬ ತಿದ್ದುಪಡಿ! ಆ ಒಂದು ಪದದ ಮರೆಯಲ್ಲಿ ಹದಿನೈದು ವರ್ಷ ಕಳೆದವು. ಫ್ರಾನ್ಸಿನೊಂದಿಗೆ ಯುದ್ಧ ಆರಂಭವಾದ ಮೇಲೆ ಸುಧಾರಣೆಯ ಮಾತೆತ್ತಿದವರನ್ನೇ ಅನುಮಾನದಿಂದ ನೋಡುವ ಕಾಲ ಬಂತು. ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಕಾಯಿದೆ ಜಾರಿಯಾದದ್ದು 1807ರಲ್ಲಿ.

ವ್ಯಾಪಾರ ನಿಂತರೂ ಗುಲಾಮಗಿರಿ ನಿಲ್ಲಲಿಲ್ಲ. 1824ರಲ್ಲಿ ಎಲಿಜಬೆತ್ ಹೇರಿಕ್ ಎಂಬ ಮಹಿಳೆ, ಕ್ರಮೇಣ ಅಲ್ಲ, ಈಗಲೇ ಬಿಡುಗಡೆ ಬೇಕು ಎಂದು ವಾದಿಸುವ ಕಿರುಹೊತ್ತಗೆ ಬರೆದರು. 1831ರ ಕ್ರಿಸ್ಮಸ್ ಹಬ್ಬದ ವೇಳೆಗೆ ಜಮೈಕಾದ ಗುಲಾಮರೇ ದಂಗೆಯೆದ್ದರು. ಅವರ ನಾಯಕ, ಬ್ಯಾಪ್ಟಿಸ್ಟ್ ಸಭೆಯ ಉಪದೇಶಕ ಸ್ಯಾಮ್ಯುಯೆಲ್ ಶಾರ್ಪ್, 1832ರಲ್ಲಿ ಗಲ್ಲಿಗೇರಿದರು. ಸಹಿ ಹಾಕಲು ಅವಕಾಶವೇ ಇಲ್ಲದವರು ಪ್ರಾಣವನ್ನೇ ಕೊಟ್ಟರು. ಮರುವರ್ಷ ಐದು ಸಾವಿರಕ್ಕೂ ಹೆಚ್ಚು ಮನವಿಗಳು ಸಂಸತ್ತಿಗೆ ಹರಿದುಬಂದವು. ಅವುಗಳಲ್ಲಿ ಒಂದು ಸಂಪೂರ್ಣವಾಗಿ ಮಹಿಳೆಯರದು. 1,87,000 ಹೆಸರುಗಳಿದ್ದ ಆ ಸುರುಳಿಯನ್ನು ಸದನದೊಳಗೆ ತರಲು ನಾಲ್ವರು ಸದಸ್ಯರು ಕೈಗೂಡಿಸಬೇಕಾಯಿತು. ಅದೇ ವರ್ಷ, 1833ರಲ್ಲಿ, ಗುಲಾಮಗಿರಿ ರದ್ದತಿ ಕಾಯಿದೆ ಬಂತು. 'ತರಬೇತಿ'ಯ ಹೆಸರಿನಲ್ಲಿ ಮುಂದುವರಿದ ಬಿಟ್ಟಿ ದುಡಿಮೆಯೂ 1838ರಲ್ಲಿ ಕೊನೆಗೊಂಡಿತು.

ಆದರೆ ಈ ಕಥೆಯನ್ನು ಇಲ್ಲಿಗೇ ಮುಗಿಸಿ ನಮ್ಮ ಬೆನ್ನನ್ನು ನಾವೇ ತಟ್ಟಿಕೊಳ್ಳುವುದು ಪ್ರಾಮಾಣಿಕತೆಯಲ್ಲ. ಎರಡು ಕೋಟಿ ಪೌಂಡ್ ಪರಿಹಾರ ಸಂದದ್ದು ಒಡೆಯರಿಗೆ. ಗುಲಾಮರಿಗೆ ಬಿಡಿಗಾಸೂ ದೊರೆಯಲಿಲ್ಲ. ಹೊರನಾಡುಗಳಲ್ಲಿ ಶುಭಸಂದೇಶ ಸಾರಲು ಹುಟ್ಟಿದ ಆಂಗ್ಲಿಕನ್ ಸಂಘವೊಂದು ತಾನೇ ಬಾರ್ಬಡೋಸ್ ದ್ವೀಪದಲ್ಲಿ ಗುಲಾಮರಿದ್ದ ಕಬ್ಬಿನ ತೋಟವನ್ನು ಹೊಂದಿತ್ತು. ಒಂದು ಕಾಲದಲ್ಲಿ ಅವರ ಎದೆಯ ಮೇಲೆ ಸಂಘದ ಹೆಸರಿನ ಬರೆಯನ್ನೂ ಹಾಕಲಾಗುತ್ತಿತ್ತು. ಇದಕ್ಕಾಗಿ ಇಂಗ್ಲೆಂಡಿನ ಸಭೆ ಕ್ಷಮೆ ಕೋರಿದ್ದು 2006ರಲ್ಲಿ. ಕಥೋಲಿಕರೂ ಇದಕ್ಕೆ ಹೊರತಲ್ಲ: ಕೆರಿಬಿಯನ್ ದ್ವೀಪಗಳಲ್ಲಿ ಬಿಡುಗಡೆಯ ಗಂಟೆ ಮೊಳಗಿದ ಅದೇ 1838ರಲ್ಲಿ, ಅಮೆರಿಕದ ಮೇರಿಲ್ಯಾಂಡಿನ ಯೇಸುಸಭೆಯವರು ತಮ್ಮ ತೋಟಗಳ 272 ಮಂದಿ ಗುಲಾಮರನ್ನು ಮಾರಾಟ ಮಾಡಿದರು. ನಮ್ಮ ನಾಡಿಗೂ ಆ ಬೆಳಕು ತಡವಾಗಿಯೇ ಬಂತು. 1833ರ ಕಾಯಿದೆ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಪ್ರದೇಶಗಳನ್ನು ಹೊರಗಿಟ್ಟಿತ್ತು. ಕನ್ನಡ ಕರಾವಳಿಯ ಗದ್ದೆಗಳಲ್ಲಿ ಒಡೆಯನಿಗೆ ಕಟ್ಟುಬಿದ್ದು ದುಡಿಯುತ್ತಿದ್ದ ಆಳುಮಕ್ಕಳು 1843ರ ಕಾನೂನಿಗಾಗಿ ಕಾಯಬೇಕಾಯಿತು. ಅದರ ನಂತರವೂ ಜೀತ ಉಳಿಯಿತು. ಅದನ್ನು ನಿಷೇಧಿಸುವ ಕಾಯಿದೆ ಬಂದದ್ದು 1976ರಲ್ಲಿ.

ಹಾಗಾದರೆ ಸಹಿಗೆ ತೂಕವಿದೆಯೇ? ಒಂದು ಸಹಿ ತಾನಾಗಿ ಯಾವ ಸಂಕೋಲೆಯನ್ನೂ ಮುರಿಯಲಿಲ್ಲ. ಗುಲಾಮರ ವ್ಯಾಪಾರ ಮುಂದುವರಿಯಲೆಂದು ಬೇಡಿಕೊಂಡ ವರ್ತಕರ ಮನವಿಗಳೂ ಅದೇ ಸಂಸತ್ತಿನ ಮೇಜನ್ನು ಸೇರಿದ್ದವೆಂಬುದನ್ನು ಮರೆಯಬಾರದು. ಆದರೆ ಲಕ್ಷ ಲಕ್ಷ ಹೆಸರುಗಳು ಒಂದಾಗಿ ಬಂದಾಗ "ಜನರಿಗೆ ಇದು ಬೇಕಾಗಿಲ್ಲ" ಎಂದು ಹೇಳುವ ಸೌಕರ್ಯ ಆಳುವವರ ಕೈತಪ್ಪಿತು. ಅನ್ಯಾಯಗಾರ ನ್ಯಾಯಾಧೀಶನ ಬಾಗಿಲನ್ನು ಬಿಡದೆ ತಟ್ಟಿದ ಆ ವಿಧವೆಯ ಸಾಮತಿ ನಮಗೆಲ್ಲ ಗೊತ್ತು. 1788ರಲ್ಲಿ, 1792ರಲ್ಲಿ, 1833ರಲ್ಲಿ ಈ ಜನ ಮಾಡಿದ್ದೂ ಅದನ್ನೇ.

ಪ್ರಿಯ ಓದುಗರೇ, ಮುಂದಿನ ಬಾರಿ ದೇವಾಲಯದ ಬಾಗಿಲಲ್ಲಿ ಯಾರಾದರೂ ನಿಮ್ಮ ಮುಂದೆ ಕಾಗದ ಚಾಚಿದರೆ, ಮೊದಲು ನಿಂತು ಓದಿರಿ. ಅದು ಯಾರ ಪರ, ಯಾರ ವಿರುದ್ಧ ಎಂದು ಕೇಳಿರಿ. ಒಪ್ಪಿಗೆಯಾದರೆ ನಿಮ್ಮ ಪೂರ್ಣ ಹೆಸರನ್ನು ಸ್ಪಷ್ಟವಾಗಿ ಬರೆಯಿರಿ. ಬರೆದ ಮೇಲೆ ಮನೆಗೆ ಹೋಗಿ, ಈ ಹೆಸರಿಗಾಗಿ ನಾನು ಬಿಡಬೇಕಾದ ಸಕ್ಕರೆ ಯಾವುದು ಎಂದು ಮನೆಯವರೊಡನೆ ಕುಳಿತು ಯೋಚಿಸಿರಿ.