ಕಟ್ಟುಕೊಡಗಿಯ ವಾರಸುದಾರರು

ಕೋಲಾರ ಸೀಮೆಯ ಹಳ್ಳಿಗಳಲ್ಲಿ ಮನೆಯ ಯಜಮಾನನು ತೀರಿಕೊಂಡು, ಉತ್ತರಕ್ರಿಯೆಗಳೆಲ್ಲ ಮುಗಿದು, ಅಣ್ಣತಮ್ಮಂದಿರು ಪಾಲು ಪಾರೀಖತ್ತಿಗೆಂದು ಊರ ಹಿರಿಯರ ಸಮಕ್ಷಮದಲ್ಲಿ ಕುಳಿತಾಗ, ಹೊಲ, ಮನೆ, ದನಕರು, ಪಾತ್ರೆಪಗಡಗಳ ವಿಭಾಗವು ಹೇಗೋ ಇತ್ಯರ್ಥವಾಗುತ್ತಿತ್ತಾದರೂ, ಪೆಟ್ಟಿಗೆಯ ತಳದ ಹಳೆಯ ಕಾಗದಗಳಿಂದ ಹೊರಬರುತ್ತಿದ್ದ ಕೆಲವು ಸ್ವತ್ತುಗಳು ಮಾತ್ರ ಅಷ್ಟು ಸುಲಭವಾಗಿ ಭಾಗಕ್ಕೆ ಒಗ್ಗುತ್ತಿರಲಿಲ್ಲ. ಕೆರೆ ಕಟ್ಟಿಸಿದ್ದಕ್ಕಾಗಿ ಪೂರ್ವಿಕರಿಗೆ ದೊರೆತ ಕೊಡಗಿ ಭೂಮಿ, ತೂಬಿನ ನೀರು ಬಿಡುವ ನೀರಗಂಟಿತನ, ಶಾನುಭೋಗಿಕೆ, ಪಟೇಲಿಕೆ, ಅಗ್ರಹಾರದ ವೃತ್ತಿಯೊಂದರಲ್ಲಿ ಉಳಿದುಬಂದ ಎಂಟನೆಯ ಒಂದಂಶ, ಕಪಿಲೆ ಬಾವಿಯಲ್ಲಿ ಇಷ್ಟು ದಿನಗಳ ಸರದಿ – ಇವೆಲ್ಲವೂ ಸ್ವತ್ತುಗಳೇ. ಆದರೆ ಇವುಗಳಲ್ಲಿ ಹೆಚ್ಚಿನವು ಒಂದೊಂದು ಊಳಿಗಕ್ಕೆ ಕಟ್ಟುಬಿದ್ದ ಸ್ವತ್ತುಗಳು. ಈ ಸೀಮೆಯಲ್ಲಿ ಪಿತ್ರಾರ್ಜಿತದೊಡನೆ ಹೊಣೆಯೂ ಮಗನ ಕೈಸೇರುತ್ತಿತ್ತೆಂಬುದೂ, ಭೂಮಿಯು ಆ ಹೊಣೆಯಿಂದ ಬೇರ್ಪಟ್ಟ ಮೇಲೆ ಭೂಮಿಗೆ ವಾರಸುದಾರರು ಹೆಚ್ಚಿ ಕೆರೆಗೆ ವಾರಸುದಾರರೇ ಇಲ್ಲವಾದರೆಂಬುದೂ ನಾನು ಇಲ್ಲಿ ನಿವೇದಿಸಬೇಕೆಂದಿರುವ ಸಂಗತಿ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ನದಿಯೆಂಬುದು ಕೆರೆಯಿಂದ ಕೆರೆಗೆ ಕೋಡಿ ಬಿದ್ದು ಸಾಗುವ ಒಂದು ಸರಪಣಿ. ಮಾಲೂರಿನ ಅಂಚನ್ನು ಹಾಯುವ ದಕ್ಷಿಣ ಪಿನಾಕಿನಿಯೂ ಮಳೆಗಾಲದ ಹೊಳೆಯೇ. ಆದಕಾರಣ ಇಲ್ಲಿಯ ಜನರು ತಗ್ಗು ಕಂಡಲ್ಲೆಲ್ಲ ಏರಿ ಹಾಕಿದರು. 1866ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು, ಈ ಸಂಸ್ಥಾನದ ಬಹುಭಾಗವು ಕೆರೆಗಳಿಂದ ಎಷ್ಟು ವ್ಯಾಪ್ತವಾಗಿದೆಯೆಂದರೆ ಹೊಸದೊಂದು ಕೆರೆಗೆ ತಾಣವನ್ನು ಹುಡುಕುವುದಕ್ಕೇ ಜಾಣ್ಮೆ ಬೇಕೆಂಬ ಅರ್ಥದಲ್ಲಿ ಬರೆದರು. ಇಷ್ಟು ಕೆರೆಗಳನ್ನು ಯಾವ ಅರಸನೂ ತನ್ನ ಬೊಕ್ಕಸದಿಂದಲೇ ಕಟ್ಟಿಸಿ ಕಾಪಾಡಲಾರನು. ಅವುಗಳನ್ನು ಕಾಪಾಡಿದ್ದು ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದ ಭೂಮಿಯ ಹಕ್ಕು.

ಆ ಹಕ್ಕಿನ ಪ್ರಾಚೀನತೆಯನ್ನು ಕಾಣಬೇಕೆಂಬವರು ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವನ್ನು, ಅಂದರೆ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟವನ್ನು, ತೆರೆಯಬೇಕು. ಗಂಗರು, ಬಾಣರು, ನೊಳಂಬರು ಈ ನೆಲಕ್ಕಾಗಿ ಹೋರಾಡಿದ ಶತಮಾನಗಳಲ್ಲಿ ತುರುಗೊಳ್ಳುವ ಕಾಳಗದಲ್ಲಿಯೋ ಊರಳಿವಿನಲ್ಲಿಯೋ ಮಡಿದ ವೀರನ ಕಲ್ಲನ್ನು ನೆಡುವುದರೊಡನೆ ಅವನ ಮಕ್ಕಳಿಗೆ ಕಲ್ನಾಡೆಂದು ಭೂಮಿಯನ್ನು ಬಿಡುವ ಸಂಪ್ರದಾಯವಿತ್ತು. ಇದನ್ನೇ ಮುಂದಿನ ಕಾಲದಲ್ಲಿ ನೆತ್ತರುಗೊಡಗೆ ಎಂದರು. ಕೆರೆ ಕಟ್ಟಿದವನಿಗೆ ಆ ಕೆರೆಯ ಕೆಳಗೇ ಬಿಟ್ಟ ಭೂಮಿಗೆ ಬಿತ್ತುವಟ್ಟವೆಂಬ ಹೆಸರು. ತಂದೆಯ ರಕ್ತಕ್ಕೆ ಸಂದ ಭೂಮಿಯೂ ತಂದೆಯ ಬೆವರಿಗೆ ಸಂದ ಭೂಮಿಯೂ ಸಂತತಿಗೆ ಸಲ್ಲತಕ್ಕದ್ದೆಂಬ ಧರ್ಮವನ್ನು ಒಂದೇ ಬಗೆಯ ಕಲ್ಲುಗಳ ಮೇಲೆ, ಒಂದೇ ಬಗೆಯ ಶಾಪಾಶಯಗಳೊಡನೆ ಕೆತ್ತಿಸಿದ ಆ ಜನರ ವಿವೇಕಕ್ಕೆ ನಾನು ತಲೆವಾಗುತ್ತೇನೆ.

ವಿಜಯನಗರದ ಕಾಲದಲ್ಲಿ ಮುಳಬಾಗಿಲು ಮುಳುವಾಯಿ ರಾಜ್ಯವೆಂಬ ಪ್ರಾಂತದ ಮುಖ್ಯಸ್ಥಾನವಾಗಿತ್ತು. ಕುಮಾರ ಕಂಪಣನೂ ಆಮೇಲೆ ಲಕ್ಕಣ್ಣ ದಂಡನಾಯಕನೂ ಅಲ್ಲಿಂದ ಆಡಳಿತ ನಡೆಸಿದವರು. ಕೆರೆಯ ಕೊಡಗೆಯು ಆ ಕಾಲದಲ್ಲಿ ನಿಶ್ಚಿತವಾದ ವಿಧಾನವನ್ನು ತಾಳಿತು. ಕೆರೆಯನ್ನು ಕಟ್ಟಿಸಿದವನಿಗಾಗಲಿ, ಒಡೆದ ಕೆರೆಯನ್ನು ಜೀರ್ಣೋದ್ಧಾರ ಮಾಡಿದವನಿಗಾಗಲಿ ಅಚ್ಚುಕಟ್ಟಿನಲ್ಲಿ ಇಷ್ಟು ಗದ್ದೆಯು ಕಂದಾಯವಿಲ್ಲದೆಯೋ ಅಲ್ಪ ಕಂದಾಯದ ಮೇಲೆಯೋ ಪುತ್ರಪೌತ್ರ ಪಾರಂಪರ್ಯವಾಗಿ ಸಲ್ಲುವುದು. ಪ್ರತಿಯಾಗಿ ಏರಿಗೆ ಮಣ್ಣು ಹಾಕಿಸುವ, ಬಿರುಕು ಮುಚ್ಚಿಸುವ ಭಾರವು ಆ ಮನೆತನದ ಮೇಲಿರುವುದು. ಇದೇ ಮೈಸೂರು ರೆವಿನ್ಯೂ ದಫ್ತರಗಳಲ್ಲಿ ಕಟ್ಟುಕೊಡಗಿ ಎನಿಸಿಕೊಂಡಿತು. ಮೂವರು ಮಕ್ಕಳು ಆ ಗದ್ದೆಯನ್ನು ಮೂರು ಪಾಲು ಮಾಡಿಕೊಳ್ಳಬಹುದಾಗಿತ್ತು. ಏರಿಯನ್ನು ಮೂರು ಪಾಲು ಮಾಡುವುದು ಹೇಗೆ? ಪಾರೀಖತ್ತು ಬರೆಯುವ ಶಾನುಭೋಗನಿಗೆ ತೊಡಕು ಹುಟ್ಟುತ್ತಿದ್ದುದು ಇಲ್ಲಿಯೇ. ಗದ್ದೆಯ ಚಕ್ಕುಬಂದಿಯನ್ನು ಪೂರ್ವಕ್ಕೆ ಇಂಥದು, ಪಶ್ಚಿಮಕ್ಕೆ ಇಂಥದು ಎಂದು ಬರೆದಾದ ಮೇಲೆ, ಕೆರೆಯ ಕೆಲಸದ ಖರ್ಚನ್ನು ಪಾಲಿನ ಪ್ರಕಾರ ಎಲ್ಲರೂ ಕೊಡತಕ್ಕದ್ದೆಂಬ ಮಾತನ್ನೂ ಸೇರಿಸಬೇಕಾಗಿತ್ತು. ಆ ಒಂದು ಮಾತು ಬಿಟ್ಟುಹೋದಲ್ಲಿ ಕಾಲಾಂತರದಲ್ಲಿ ಕೆರೆಯೇ ಬಿಟ್ಟುಹೋಗುತ್ತಿತ್ತು.

ದಾಯಭಾಗದೊಡನೆ ಭಾರವೂ ಬರುವುದೆಂಬುದಕ್ಕೆ ಅತ್ಯಂತ ಕ್ರೂರವಾದ ನಿದರ್ಶನವೊಂದು ಈ ಜಿಲ್ಲೆಯದೇ. ಬೂದಿಕೋಟೆಯ ಜಹಗೀರುದಾರನಾಗಿದ್ದ ಫತೇ ಮಹಮದನು ಯುದ್ಧದಲ್ಲಿ ಮಡಿದ ಮೇಲೆ, ದೊಡ್ಡಬಳ್ಳಾಪುರದ ಅಬ್ಬಾಸ್ ಕುಲಿಖಾನನು ಬಾಕಿಯ ನೆಪದಲ್ಲಿ ಅವನ ಆಸ್ತಿಯನ್ನೆಲ್ಲ ಕಸಿದುಕೊಂಡು, ಇನ್ನಷ್ಟು ಹಣಕ್ಕಾಗಿ ಅವನ ಇಬ್ಬರು ಎಳೆಯ ಮಕ್ಕಳನ್ನು ನಗಾರಿಯೊಳಗೆ ಕೂಡಿಸಿ ಚರ್ಮವನ್ನು ಬಿಗಿದು ಹಿಂಸಿಸಿದನೆಂದು ವಿಲ್ಕ್ಸ್ ಮೊದಲಾದ ಚರಿತ್ರಕಾರರು ಬರೆದಿರುವರು. ಆ ಮಕ್ಕಳಲ್ಲಿ ಕಿರಿಯವನೇ ಹೈದರಾಲಿ. ಫತೇ ಮಹಮದನ ಗೋರಿಯು ಇಂದಿಗೂ ಕೋಲಾರದ ಮಕ್ಬರದಲ್ಲಿದೆ.

ಮತ್ತೆ ಕೆರೆಯ ಮಾತಿಗೆ ಬಂದರೆ, ಕೊಡಗಿ ಭೂಮಿಯ ಒಡೆಯರು ಸಾಮಾನ್ಯವಾಗಿ ಅನುಕೂಲಸ್ಥರು. ಕೆರೆಯನ್ನು ದಿನದಿನವೂ ನೋಡಿಕೊಳ್ಳುತ್ತಿದ್ದವನು ನೀರಗಂಟಿ. ಹೆಚ್ಚಾಗಿ, ಊರಿನ ಹೊರಗೆ ಇರಿಸಲ್ಪಟ್ಟ ಕೇರಿಯವನು. ಎರಡು ಕಲ್ಲುಕಂಬಗಳ ನಡುವೆ, ಕೆರೆಯ ತಣ್ಣೀರಿನಲ್ಲಿ ಮುಳುಗಿ, ತೂಬಿನ ಬಾಯಿಗೆ ಬಿಗಿದ ಮರದ ಗೂಟವನ್ನು ಬೇಕಾದಷ್ಟೇ ಮೇಲೆತ್ತಿ, ಕಾಲುವೆಯಲ್ಲಿ ಓಡಿದ ನೀರು ಕಟ್ಟಕಡೆಯ ಗದ್ದೆಯನ್ನು ಮುಟ್ಟುವವರೆಗೆ ರಾತ್ರಿಯಲ್ಲಿಯೂ ಮಡೆ ಕಟ್ಟುತ್ತ ಮಡೆ ಒಡೆಯುತ್ತ ನಡೆಯುವುದು ಅವನ ಕಾಯಕ. ಮಳೆ ಕಡಮೆಯಾದ ವರ್ಷದಲ್ಲಿ ಕೆರೆಯ ನೀರಿನ ಮಟ್ಟವನ್ನು ಕಂಡು, ಈ ಸಲ ಅಚ್ಚುಕಟ್ಟಿನಲ್ಲಿ ಎಷ್ಟು ಭಾಗಕ್ಕೆ ಮಾತ್ರ ನಾಟಿ ಸಾಧ್ಯವೆಂದು ಹೇಳಬಲ್ಲವನು ಅವನೇ. ಆ ಮಾತನ್ನು ಗದ್ದೆಯ ಒಡೆಯರೂ ಮೀರುತ್ತಿರಲಿಲ್ಲ. ಅವನಿಗೆ ಸಲ್ಲುತ್ತಿದ್ದುದು ತುಂಡು ಇನಾಂ ಭೂಮಿ ಮತ್ತು ಸುಗ್ಗಿಯ ಕಣದಲ್ಲಿ ಪ್ರತಿ ರೈತನೂ ಕೊಡಬೇಕಾದ ಆಯ. ನೀರಗಂಟಿಯು ಸತ್ತಾಗ ಅವನ ಮಕ್ಕಳು ಈ ಊಳಿಗವನ್ನು ಸರದಿಯಿಂದ ಹಂಚಿಕೊಳ್ಳುತ್ತಿದ್ದರು: ಈ ವರ್ಷ ಹಿರಿಯವನು ತೂಬು ಕಾದರೆ ಮುಂದಿನ ವರ್ಷ ಕಿರಿಯವನು, ಆಯವೂ ಆಯಾ ವರ್ಷದವನಿಗೇ. ಆ ಮನೆಗಳಲ್ಲಿ ನಿಜವಾದ ಆಸ್ತಿಯೆಂದರೆ ಕೆರೆಯನ್ನು ಕುರಿತ ತಿಳಿವಳಿಕೆ. ಅದನ್ನು ಬಾಲ್ಯದಲ್ಲಿ ತಂದೆಯೊಡನೆ ಏರಿಯ ಮೇಲೆ ನಡೆದೇ ಸಂಪಾದಿಸಬೇಕಾಗಿತ್ತು. ಸಮಾಜವು ಅವಮಾನಿಸಿದ ಜನರಿಂದಲೇ ಸಮಾಜದ ಅನ್ನವು ಇಷ್ಟು ನ್ಯಾಯವಾಗಿ ಹಂಚಲ್ಪಡುತ್ತಿತ್ತೆಂಬುದು ನಮ್ಮ ಚರಿತ್ರೆಯಲ್ಲಿ ಸಾಕಷ್ಟು ಕೃತಜ್ಞತೆಯಿಂದ ಬರೆಯಲ್ಪಟ್ಟಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಕಾನೂನುಗಳು ಒಂದರ ಹಿಂದೊಂದು ಬಂದವು. 1908ರ ಮೈಸೂರು ಗ್ರಾಮಾಧಿಕಾರಗಳ ಶಾಸನವು ಈ ವಂಶಪಾರಂಪರ್ಯ ಊಳಿಗಗಳಿಗೂ ಅವುಗಳ ಭೂಮಿಗೂ ನಿಯಮ ಹಾಕಿತು. 1911ರಲ್ಲಿ ಕೆರೆ ಪಂಚಾಯಿತಿಗಳ ರೆಗ್ಯುಲೇಷನ್ ಬಂದಿತು. 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವು, ಬ್ರಿಟಿಷ್ ಇಂಡಿಯಾದಲ್ಲಿ 1937ರ ಕಾನೂನು ಬರುವುದಕ್ಕೆ ಮೊದಲೇ, ಮೈಸೂರಿನ ಹೆಣ್ಣುಮಕ್ಕಳನ್ನು ಪಾಲಿನ ಪಂಕ್ತಿಗೆ ತಂದಿತು. ಸ್ವಾತಂತ್ರ್ಯಾನಂತರ 1954 ಮತ್ತು 1955ರ ಶಾಸನಗಳು ಇನಾಮುಗಳನ್ನೂ, 1961ರಲ್ಲಿ ಅಂಗೀಕೃತವಾಗಿ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದ ಶಾಸನವು ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಮುಂತಾದ ವಂಶಪಾರಂಪರ್ಯ ಅಧಿಕಾರಗಳನ್ನೂ ರದ್ದುಪಡಿಸಿದವು. ಭೂಮಿಯು ಹಳೆಯ ಹಿಡುವಳಿದಾರರಿಗೇ ಮರುಮಂಜೂರಾಗಬಹುದಾಗಿತ್ತು, ಊಳಿಗವು ಮುಗಿದಿತ್ತು. ಜನ್ಮದಿಂದ ಒಬ್ಬನನ್ನು ತೋಟಿಯೆಂದೂ ನೀರಗಂಟಿಯೆಂದೂ ಕಟ್ಟಿಹಾಕುವ ಪದ್ಧತಿಯು ಅಳಿಯಲೇಬೇಕಾಗಿತ್ತೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅವನು ಮಾಡುತ್ತಿದ್ದ ಕೆಲಸಕ್ಕೆ ಗೌರವದ ಸಂಬಳವನ್ನೂ ಸ್ಥಾನವನ್ನೂ ಹಳ್ಳಿಹಳ್ಳಿಯಲ್ಲಿ ಏರ್ಪಡಿಸದೆ ಹೋದುದು ದೊಡ್ಡ ನಷ್ಟ.

ಮರುಮಂಜೂರಾದ ಭೂಮಿ ಒಬ್ಬನದೋ ಅವಿಭಕ್ತ ಕುಟುಂಬದ್ದೋ ಎಂಬ ವ್ಯಾಜ್ಯಗಳು ಆಮೇಲೆ ನ್ಯಾಯಾಲಯಗಳನ್ನು ತುಂಬಿದವು. 1961ರ ಶಾಸನಕ್ಕೆ 1978ರಲ್ಲಿ ಬಂದ ತಿದ್ದುಪಡಿಯು ಅಂಥ ಭೂಮಿಯನ್ನು 15 ವರ್ಷಗಳ ಕಾಲ ಪರಭಾರೆ ಮಾಡಕೂಡದೆಂದಿತು. ಬೊಂಬಾಯಿ ಪ್ರಾಂತದಿಂದ ಬಂದ ಕುಂದಗೋಳ ದೇಶಗತಿಯ ಮೊಕದ್ದಮೆಯಲ್ಲಿ 1982ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವತನು, ಅಂದರೆ ವಂಶಪಾರಂಪರ್ಯ ಊಳಿಗದ ಹಕ್ಕು, ರದ್ದಾಗಿ ಮರುಮಂಜೂರಾದ ಭೂಮಿಯು ಕುಟುಂಬದವರೆಲ್ಲರ ವಿಭಾಗಕ್ಕೆ ಒಳಪಡುವುದೆಂದು ತೀರ್ಮಾನಿಸಿತು. ಹೀಗೆ ಯಾರಿಗೆ ಎಷ್ಟು ಎಂಬ ಪ್ರಶ್ನೆಗೆ ಉತ್ತರ ದೊರೆಯಿತು. ಏರಿಗೆ ಮಣ್ಣು ಹಾಕತಕ್ಕವರಾರೆಂಬ ಪ್ರಶ್ನೆಯನ್ನು ಯಾವ ದಾಯಾದಿಯೂ ದಾವೆಯಲ್ಲಿ ಎತ್ತಲಿಲ್ಲ.

ಪೂರ್ವದಲ್ಲಿ ರೈತರೇ ಗಾಡಿಯಲ್ಲಿ ಹೊಲಕ್ಕೆ ಹೊಡೆದುಕೊಳ್ಳುತ್ತಿದ್ದ ಕೆರೆಯ ಗೋಡುಮಣ್ಣು ಮಾಲೂರಿನ ಕಡೆ ಇಟ್ಟಿಗೆ ಗೂಡುಗಳ ಪಾಲಾಯಿತು. ಅಚ್ಚುಕಟ್ಟಿನ ಗದ್ದೆಗಳಲ್ಲಿ ಕೊಳವೆ ಬಾವಿಗಳು ಬಂದವು. 2018ರ ಜೂನಿನಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಕೆ. ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಲಕ್ಷ್ಮೀಸಾಗರ ಕೆರೆಯನ್ನು ಸೇರಿ, ಅಲ್ಲಿಂದ ಕೆರೆಯಿಂದ ಕೆರೆಗೆ ಹಳೆಯ ಸರಪಣಿಯಲ್ಲಿಯೇ ಹರಿಯತೊಡಗಿದಾಗ, ಎಲ್ಲಿ ರಾಜಕಾಲುವೆಯಿತ್ತು, ಕೆರೆಯ ಅಂಗಳವು ಎಲ್ಲಿಯವರೆಗಿತ್ತು ಎಂಬುದು ಮತ್ತೆ ಮುಖ್ಯವಾಯಿತು. ಇಂದು ಪೌತಿ ಖಾತೆಗಾಗಿ ತಾತನ ಪೆಟ್ಟಿಗೆಯನ್ನು ತೆರೆಯುವ ಮೊಮ್ಮಕ್ಕಳಿಗೆ ಇನಾಂ ಸನದು, ಹಳೆಯ ಪಾರೀಖತ್ತು, ಕಂದಾಯದ ರಸೀದಿಗಳು ನಿರುಪಯುಕ್ತವಾದ ಕಾಗದಗಳಾಗಿ ತೋರಬಹುದು. ಆದರೆ ಅವುಗಳಲ್ಲಿ ಬರೆದ ಕೊಡಗಿ ಗದ್ದೆಯ ಚಕ್ಕುಬಂದಿಯಲ್ಲಿ ಕೆರೆಯ ಏರಿ, ತೂಬಿನ ಕಾಲುವೆ, ಕೋಡಿಯ ಹಳ್ಳ ಇವುಗಳ ಹೆಸರುಗಳು ದಿಕ್ಕಿನ ಸಮೇತ ದಾಖಲಾಗಿರುತ್ತವೆ. ಒತ್ತುವರಿಯಾದ ಕೆರೆಯ ಅಳತೆಗೆ ಸರ್ವೆಯವರು ಬಂದ ದಿನ ಆ ಕಾಗದಗಳ ನಕಲನ್ನು ಗ್ರಾಮ ಪಂಚಾಯಿತಿಗೂ ತಹಶೀಲ್ದಾರರ ಕಚೇರಿಗೂ ಒಪ್ಪಿಸುವುದು ಆ ಮನೆತನಗಳಿಂದ ಈಗಲೂ ಸಾಧ್ಯವಿರುವ ಊಳಿಗ.