ನಾಟಿ ವೈದ್ಯರೂ ನೋಂದಣಿ ಕಾನೂನೂ: ತುಮಕೂರು ಸೀಮೆಯಿಂದ ಒಂದು ನೋಟ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ನಾಟಿ ವೈದ್ಯರೆಂದು ಕರೆಸಿಕೊಳ್ಳುವವರು ಒಂದೇ ಬಗೆಯ ಜನರಲ್ಲ. ಮುರಿದ ಮೂಳೆಗೆ ದಬ್ಬೆ ಇಟ್ಟು ಕಟ್ಟುವವರು, ಕಾಮಾಲೆಗೆ ಸೊಪ್ಪಿನ ರಸ ಕೊಡುವವರು, ಸರ್ಪಸುತ್ತಿಗೆ ಲೇಪ ಹಚ್ಚುವವರು, ಹೆರಿಗೆ ಮಾಡಿಸುವ ಸೂಲಗಿತ್ತಿಯರು, ದನಕರುಗಳಿಗೆ ಮದ್ದು ಅರೆಯುವವರು ಎಲ್ಲರೂ ಆ ಮಾತಿನೊಳಗೆ ಬರುತ್ತಾರೆ. ಹಲವರಿಗೆ ಬೇಸಾಯವೇ ಕಸುಬು, ವೈದ್ಯ ಅದರ ಜತೆಗಿರುವುದು. ಕಾನೂನು ಇವರೆಲ್ಲರನ್ನೂ ಕೇಳುತ್ತ ಬಂದಿರುವುದು ಒಂದೇ ಪ್ರಶ್ನೆ: ಪಟ್ಟಿಯಲ್ಲಿ ಹೆಸರಿದೆಯೇ?

ಕಾನೂನು ಬರುವ ಮುಂಚೆ ಊರೇ ಈ ವಿದ್ಯೆಗೆ ಮಾನ್ಯತೆ ಕೊಡುತ್ತಿತ್ತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹನ್ನೆರಡು ಆಯಗಾರರಿಗೆ ಕಣದಲ್ಲಿಯೇ ಧಾನ್ಯದ ಪಾಲು ಸಲ್ಲುತ್ತಿತ್ತು. ಅವರಲ್ಲಿ ವೈದ್ಯನೆಂಬ ಹೆಸರಿನವನಿರಲಿಲ್ಲ, ನಾಯಿಂದನಿದ್ದ. ಕುರು ಕುಯ್ಯುವುದು, ಗಾಯಕ್ಕೆ ಮದ್ದು ಕಟ್ಟುವುದು ಅವನ ಕೆಲಸ. ಅವನ ಮನೆಯ ಹೆಂಗಸರು ಎಷ್ಟೋ ಕಡೆ ಸೂಲಗಿತ್ತಿಯರು. ಇನ್ನೊಂದು ಕಡೆ ಓದುಬರಹದ ವೈದ್ಯವೂ ಕನ್ನಡದಲ್ಲಿ ಬೆಳೆದಿತ್ತು. ಕೀರ್ತಿವರ್ಮನ ‘ಗೋವೈದ್ಯ’ 12ನೇ ಶತಮಾನದ್ದು, ವಿಷಚಿಕಿತ್ಸೆಯ ಬಗೆಗಿನ ಮಂಗರಾಜನ ‘ಖಗೇಂದ್ರಮಣಿದರ್ಪಣ’ 14ನೆಯದು. ಗ್ರಂಥವುಳ್ಳ ವೈದ್ಯ, ಗ್ರಂಥವಿಲ್ಲದ ವೈದ್ಯ ಎಂಬ ಭೇದ ಹಳ್ಳಿಯ ರೋಗಿಗೆ ದೊಡ್ಡದಾಗಿ ಕಂಡಿರಲಾರದು. 20ನೇ ಶತಮಾನದ ಶಾಸನಗಳೆಲ್ಲ ನಿಂತಿರುವುದು ಮಾತ್ರ ಆ ಭೇದದ ಮೇಲೆಯೇ.

ತುಮಕೂರು ಮೈಸೂರು ಸಂಸ್ಥಾನದ ಜಿಲ್ಲೆ. ಆಯುರ್ವೇದವನ್ನು ಪೋಷಿಸುವುದರಲ್ಲಿ ಸಂಸ್ಥಾನ ಹಿಂದೆ ಬಿದ್ದಿರಲಿಲ್ಲ. ಮೈಸೂರಿನ ಆಯುರ್ವೇದ ಕಾಲೇಜು 1908ರಲ್ಲಿಯೇ ಆರಂಭವಾಯಿತು. ಆ ಪೋಷಣೆ ಶಾಸ್ತ್ರ ಓದಿ ಪರೀಕ್ಷೆ ಕೊಟ್ಟು ಬಂದ ಪಂಡಿತರಿಗೆ ದೊರೆತದ್ದು. 1931ರ ಮೈಸೂರು ವೈದ್ಯಕೀಯ ನೋಂದಣಿ ಕಾಯ್ದೆಯಂತೂ ಪಾಶ್ಚಾತ್ಯ ವೈದ್ಯ ಕಲಿತವರಿಗಾಗಿ ಬಂದ ಕಾಯ್ದೆ. ಅದೇ ಹೊತ್ತಿಗೆ ಕನ್ನಡ ನಾಡಿನ ಬೇರೆ ಭಾಗಗಳು ಬೇರೆ ದಾರಿ ಹಿಡಿದಿದ್ದವು. ದಕ್ಷಿಣ ಕನ್ನಡ, ಬಳ್ಳಾರಿಗಳು ಸೇರಿದ್ದ ಮದ್ರಾಸು ಪ್ರಾಂತ್ಯದಲ್ಲಿ ದೇಶೀಯ ವೈದ್ಯವನ್ನು ಪರಿಶೀಲಿಸಲು ಮುಹಮ್ಮದ್ ಉಸ್ಮಾನ್ ಸಮಿತಿ ನೇಮಕವಾಗಿ 1923ರಲ್ಲಿ ವರದಿ ಕೊಟ್ಟಿತು. ಬೆಳಗಾವಿ, ಧಾರವಾಡ, ವಿಜಯಪುರಗಳಿದ್ದ ಮುಂಬಯಿ ಪ್ರಾಂತ್ಯ 1938ರಲ್ಲಿ ವೈದ್ಯ-ಹಕೀಮರ ನೋಂದಣಿಗೇ ಒಂದು ಕಾಯ್ದೆ ಮಾಡಿತು. ಹೀಗಾಗಿ ಧಾರವಾಡದ ವೈದ್ಯನಿಗೆ ತೆರೆದ ಬಾಗಿಲು ಗುಬ್ಬಿಯ ವೈದ್ಯನಿಗೆ ಇನ್ನೂ ಬಹುಕಾಲ ತೆರೆಯಲಿಲ್ಲ.

1956ರ ಏಕೀಕರಣದ ಮೇಲೆ ಇಡೀ ರಾಜ್ಯಕ್ಕೆ ಒಂದೇ ನಿಯಮ ಬೇಕಾಯಿತು. ಆಯುರ್ವೇದ, ಪ್ರಕೃತಿ ಚಿಕಿತ್ಸೆ, ಸಿದ್ಧ, ಯುನಾನಿ, ಯೋಗ ವೈದ್ಯರ ನೋಂದಣಿಯ 1961ರ ಕಾಯ್ದೆ ಬಂದದ್ದು ಹಾಗೆ. ಅದರಡಿ ಮಂಡಳಿಯೊಂದು ರಚನೆಯಾಗಿ ನೋಂದಣಿ ಪುಸ್ತಕ ಇಟ್ಟಿತು. ಆದರೆ ಅರ್ಜಿ ಬರೆದು, ಆಧಾರ ಒದಗಿಸಿ, ಬೆಂಗಳೂರಿನ ಕಚೇರಿಗೆ ಓಡಾಡಿ ಹೆಸರು ಸೇರಿಸಿಕೊಳ್ಳುವುದು ಪೇಟೆಯ ಪಂಡಿತರಿಗೆ ಸಲೀಸಾದಷ್ಟು ಹುಲಿಯೂರುದುರ್ಗದ ಕಡೆ ಬೇರು ಅಗೆದು ತರುವವನಿಗೆ ಸಲೀಸಾಗುವಂಥದ್ದಲ್ಲ. ಅಕ್ಷರ ಬಾರದ ಸೂಲಗಿತ್ತಿಗೆ ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ಇದರ ಪೆಟ್ಟು ಗೊತ್ತಾಗುವುದು 1970ರ ಭಾರತೀಯ ವೈದ್ಯ ಪದ್ಧತಿಯ ಕೇಂದ್ರೀಯ ಪರಿಷತ್ತಿನ ಕಾಯ್ದೆಯಲ್ಲಿ. ಅದರ 17ನೇ ಕಲಮು ಮಾನ್ಯ ಪದವಿಯಿಲ್ಲದವರು, ನೋಂದಣಿಯಿಲ್ಲದವರು ಚಿಕಿತ್ಸೆ ಕೊಡಬಾರದೆಂದಿತು. ತಪ್ಪಿದರೆ ಒಂದು ವರ್ಷದವರೆಗೆ ಸಜೆ, ಇಲ್ಲವೆ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಂದು ವಿನಾಯಿತಿಯೂ ಇತ್ತು: ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ವೃತ್ತಿ ನಡೆಸಿದ್ದವರು ಮುಂದುವರಿಯಬಹುದು. ಆದರೆ ಅದು ರಾಜ್ಯ ನೋಂದಣಿ ಪುಸ್ತಕವೇ ಇಲ್ಲದ ರಾಜ್ಯಗಳಿಗೆ ಮಾತ್ರ. ನಮ್ಮಲ್ಲಿ 1961ರ ಕಾಯ್ದೆಯ ಪುಸ್ತಕ ಆಗಲೇ ಇತ್ತು. ಮುಂಚಿತವಾಗಿ ಕಾನೂನು ಮಾಡಿದ ರಾಜ್ಯದ ನಾಟಿ ವೈದ್ಯರಿಗೆ ಆ ಕಾನೂನೇ ಅಡ್ಡವಾಯಿತೆನ್ನಬೇಕು. ಈ ಅಂಶ ಚರ್ಚೆಗಳಲ್ಲಿ ಸಾಕಷ್ಟು ಕಾಣಿಸುವುದಿಲ್ಲ.

ಮದ್ದಿನ ವಿಷಯದಲ್ಲಿ ಕಾನೂನು ಅಷ್ಟು ಬಿಗಿಯಾಗಲಿಲ್ಲ. 1940ರ ಔಷಧಿ ಕಾಯ್ದೆಗೆ 1964ರಲ್ಲಿ ಆಯುರ್ವೇದ, ಯುನಾನಿ ಔಷಧಿಗಳ ಅಧ್ಯಾಯ ಸೇರಿತು. ತಯಾರಿಕೆಗೆ ಲೈಸೆನ್ಸು ಕಡ್ಡಾಯವಾದರೂ, ತನ್ನ ರೋಗಿಗಳಿಗೆಂದೇ ಮದ್ದು ಮಾಡಿಕೊಳ್ಳುವ ವೈದ್ಯ-ಹಕೀಮರನ್ನು ಅದು ಬಿಟ್ಟಿದೆ. ಕಷಾಯ ಕಾಯಿಸಲು ಅಡ್ಡಿಯಿಲ್ಲ, ಕೊಡಲು ಅಡ್ಡಿ ಎಂಬ ವಿಚಿತ್ರ ಸ್ಥಿತಿ ಇದರಿಂದ ಹುಟ್ಟಿತು. ಪವಾಡದ ಮದ್ದೆಂದು ಜಾಹೀರಾತು ಕೊಡುವುದನ್ನು 1954ರ ಪ್ರತ್ಯೇಕ ಕಾಯ್ದೆ ಮೊದಲೇ ತಡೆದಿತ್ತು.

ನೆರೆಯ ಕೇರಳದ ಪಾರಂಪರಿಕ ವೈದ್ಯರು ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿ 2018ರ ಏಪ್ರಿಲ್‌ನಲ್ಲಿ ತೀರ್ಮಾನವಾಯಿತು. ಪೀಠದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಕನ್ನಡಿಗರೇ ಆದ ಮೋಹನ್ ಶಾಂತನಗೌಡರ್. ವಂಶಪಾರಂಪರ್ಯವೊಂದೇ ಚಿಕಿತ್ಸೆಯ ಹಕ್ಕು ತಂದುಕೊಡದು, ಮಾನ್ಯ ಅರ್ಹತೆಯೂ ನೋಂದಣಿಯೂ ಬೇಕೇ ಬೇಕು ಎಂದಿತು ನ್ಯಾಯಾಲಯ. 2020ರ ಭಾರತೀಯ ವೈದ್ಯ ಪದ್ಧತಿಯ ರಾಷ್ಟ್ರೀಯ ಆಯೋಗದ ಕಾಯ್ದೆ 1970ರ ಕಾಯ್ದೆಯ ಜಾಗಕ್ಕೆ ಬಂದರೂ ಈ ನಿಲುವು ಸಡಿಲಲಿಲ್ಲ. ನಿಲುವಿಗೆ ಆಧಾರವಿಲ್ಲದಿಲ್ಲ: ನಾಗರಹಾವೋ ಕೊಳಕುಮಂಡಲವೋ ಕಚ್ಚಿದವನಿಗೆ ಬೇರು ಅರೆದು ಕುಡಿಸುತ್ತ ಕಳೆಯುವ ಹೊತ್ತು ಪ್ರತಿವಿಷದ ಚುಚ್ಚುಮದ್ದು ತಡವಾಗುವ ಹೊತ್ತು. ಉಳುಕಿಗೆ ಪಟ್ಟು ಹಾಕುವವನನ್ನೂ ಅದೇ ತಕ್ಕಡಿಗೆ ಹಾಕಿದ್ದು ಮಾತ್ರ ನ್ಯಾಯವೆನಿಸುವುದಿಲ್ಲ.

ಜಿಲ್ಲೆಯ ಮಟ್ಟದಲ್ಲಿ ನಿಯಂತ್ರಣ ನಡೆಯುವುದು ಹೆಚ್ಚಾಗಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ. ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ತುಮಕೂರಿನ ಕಚೇರಿಯ ತೀರ್ಮಾನ ಗುಬ್ಬಿ, ಕುಣಿಗಲ್ ಪೇಟೆಗಳ ಕ್ಲಿನಿಕ್ಕುಗಳಿಗೂ ಅನ್ವಯಿಸುತ್ತದೆ. ಬೋರ್ಡು ಹಾಕಿ ಕೂತವರು ಇದರ ಕಣ್ಣಿಗೆ ಬೀಳುತ್ತಾರೆ. ಬೋರ್ಡಿಲ್ಲದೆ ಮನೆಯ ಜಗಲಿಯಲ್ಲಿ, ಎಲೆ-ಅಡಿಕೆಯ ಮೇಲಿಟ್ಟ ಕಾಣಿಕೆ ಪಡೆದು ಮದ್ದು ಕೊಡುವವರು ಬೀಳುವುದು ಕಡಿಮೆ.

ಸೂಲಗಿತ್ತಿಯರ ಕಥೆ ಇನ್ನೂ ಬೇರೆ. ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಸರ್ಕಾರವೇ ದಾಯಿಯರಿಗೆ ತರಬೇತಿ ಕೊಟ್ಟು ಬಳಸಿಕೊಂಡಿತು. 2005ರ ಜನನಿ ಸುರಕ್ಷಾ ಯೋಜನೆಯ ಹೊತ್ತಿಗೆ ಗುರಿ ಬದಲಾಗಿ, ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕೆಂಬ ನೀತಿ ನಿಂತಿತು. ತಾಯಿ-ಮಗುವಿನ ಜೀವದ ದೃಷ್ಟಿಯಿಂದ ಅದು ಸರಿಯಾದ ನೀತಿಯೇ. ಅದು ಜಾರಿಯಲ್ಲಿರುವಾಗಲೇ ಇದೇ ಜಿಲ್ಲೆಯ ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ ಗೌರವಗಳು ಬರತೊಡಗಿದವು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದ ಅವರಿಗೆ ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು; 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಪದಕ ವ್ಯಕ್ತಿಗೆ ಸಂದದ್ದು. ಅವರ ವಿದ್ಯೆಯನ್ನು ಕಲಿತ ಇನ್ನೊಬ್ಬಳಿಗೆ ಅದರಿಂದ ಕಾನೂನಿನ ಯಾವ ಆಸರೆಯೂ ಸಿಗಲಿಲ್ಲ.

ನಾಟಿ ವೈದ್ಯನ ಹೆಸರು ಶಾಸನಬದ್ಧ ದಾಖಲೆಗೆ ಬರುವುದು ಆರೋಗ್ಯ ಇಲಾಖೆಯಿಂದಲ್ಲ, ಗಿಡಮರಗಳ ದಾರಿಯಿಂದ. 2002ರ ಜೀವವೈವಿಧ್ಯ ಕಾಯ್ದೆಯ 7ನೇ ಕಲಮು ಸ್ಥಳೀಯ ಜನರಿಗೂ ವೈದ್ಯ-ಹಕೀಮರಿಗೂ ಮೂಲಿಕೆ ಬಳಸಲು ವಿನಾಯಿತಿ ಕೊಟ್ಟಿತು. ಆ ಕಾಯ್ದೆಯಂತೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಚಿಸಬೇಕಾದ ಜನತಾ ಜೀವವೈವಿಧ್ಯ ದಾಖಲೆಯ ನಮೂನೆಯಲ್ಲಿ ಮನುಷ್ಯರಿಗೂ ಜಾನುವಾರುಗಳಿಗೂ ಮದ್ದು ಕೊಡುವ ಊರ ವೈದ್ಯರ ಪಟ್ಟಿಗೆಂದೇ ಪ್ರತ್ಯೇಕ ಪುಟವಿದೆ. ಇತ್ತ ಅರಣ್ಯ ಇಲಾಖೆ ತುಮಕೂರಿನ ಮಗ್ಗುಲ ದೇವರಾಯನದುರ್ಗದಲ್ಲಿ ಔಷಧಿ ಸಸ್ಯಗಳ ಸಂರಕ್ಷಣಾ ಪ್ರದೇಶವನ್ನು ಗುರುತಿಸಿತು. ಗಿಡ ಉಳಿಯಲು ಅದು ಬೇಕಾದದ್ದೇ; ಅಲ್ಲಿಂದ ಬೇರು-ನಾರು ತರುತ್ತಿದ್ದವರ ಕೈಗೆ ಕಡಿವಾಣವೂ ಅದೇ. 2023ರ ತಿದ್ದುಪಡಿ ಬಂದ ಮೇಲೆ 7ನೇ ಕಲಮಿನ ರಿಯಾಯಿತಿಯಲ್ಲಿ ನೋಂದಾಯಿತ ಆಯುಷ್ ವೈದ್ಯರ ಹೆಸರೂ ಕಾಣಿಸಿಕೊಂಡಿದೆ.

ನಡುವಿನ ದಾರಿಯೊಂದನ್ನು ಭಾರತೀಯ ಗುಣಮಟ್ಟ ಪರಿಷತ್ತು ಹುಡುಕಿತು. ಬೆಂಗಳೂರಿನ ಯಲಹಂಕ ಬಳಿಯ, 1993ರಲ್ಲಿ ಆರಂಭವಾದ ಸ್ಥಳೀಯ ಆರೋಗ್ಯ ಪರಂಪರೆಗಳ ಪ್ರತಿಷ್ಠಾನದ ಅನುಭವವೂ ಅದಕ್ಕೆ ಒದಗಿತು. ಮೂಳೆ ಕಟ್ಟುವುದು, ಕಾಮಾಲೆ, ಸಂಧಿವಾತ, ವಿಷಕಡಿತ, ಸೂಲಗಿತ್ತಿತನ, ಸಣ್ಣಪುಟ್ಟ ಕಾಯಿಲೆಗಳಂಥ ಒಂದೊಂದು ವಿಷಯದಲ್ಲಿ ವೈದ್ಯನ ತಿಳಿವಳಿಕೆಯನ್ನು ಅವನ ಭಾಷೆಯಲ್ಲಿಯೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಅದು. ಪದವಿ ಕೇಳದೆ ಕೈಗುಣ ನೋಡುವ ಈ ಕ್ರಮ ಇಡೀ ಚರಿತ್ರೆಯಲ್ಲಿ ಹಳ್ಳಿಯ ವಿದ್ಯೆಗೆ ಎಲ್ಲಕ್ಕಿಂತ ಹತ್ತಿರ ಬಂದದ್ದು. ಆದರೆ ಅದು ಐಚ್ಛಿಕ. ಆ ಪತ್ರ ಹಿಡಿದವನಿಗೂ 2020ರ ಕಾಯ್ದೆಯ ರಾಜ್ಯ ಪಟ್ಟಿಯಲ್ಲಿ ಹೆಸರು ಸೇರುವುದಿಲ್ಲ.