ಲಿನಕ್ಸ್‌ನಲ್ಲಿ ಬ್ಲೂಟೂತ್ ಬರ್ತಿಲ್ವಾ? ಚಿಪ್‌ನ ಬೀಗದ ಕೈ ಯಾರ ಹತ್ತಿರ ಇದೆ ನೋಡಿ

ಲ್ಯಾಪ್‌ಟಾಪ್‌ಗೆ ಡೆಬಿಯನ್ ಅಥವಾ ಉಬುಂಟು ಹಾಕಿಕೊಂಡವರ ಸಾಮಾನ್ಯ ದೂರು ಇದು: ವೈಫೈ ಬರುತ್ತೆ, ಬ್ಲೂಟೂತ್ ಮಾತ್ರ ಇಲ್ಲ. ಚಿಪ್ ಕೆಟ್ಟಿದೆ ಎಂದುಕೊಳ್ಳುವ ಮೊದಲು ಕೆಲವು ಸಂಗತಿ ತಿಳಿದಿರಲಿ.

ಒಳಗೆ ಏನೇನಿದೆ?

ಚಿಪ್ ಜೊತೆ ಮಾತಾಡೋದು ಕರ್ನಲ್‌ನ ಡ್ರೈವರ್. ಅದರ ಮೇಲೆ, ಹೆಡ್‌ಫೋನ್ ಹುಡುಕಿ ಜೋಡಿಸುವ ಕೆಲಸ ಬ್ಲೂಝೀಯದು. 2001ರಲ್ಲಿ ಕ್ವಾಲ್‌ಕಾಮ್ ಬಿಡುಗಡೆ ಮಾಡಿದ ಈ ತಂತ್ರಾಂಶವೇ ಇಂದಿಗೂ ಲಿನಕ್ಸ್‌ನ ಅಧಿಕೃತ ಬ್ಲೂಟೂತ್ ವ್ಯವಸ್ಥೆ. ಇವೆರಡೂ ಮುಕ್ತ. ಆದರೆ ಚಿಪ್‌ನ ಒಳಗೇ ಓಡುವ ಫರ್ಮ್‌ವೇರ್ ಸಾಮಾನ್ಯವಾಗಿ ಕಂಪನಿಯ ಸ್ವತ್ತು. ಅದರ ಮೂಲ ಕೋಡ್ ನಮಗೆ ಸಿಗಲ್ಲ. ಅನೇಕ ಚಿಪ್‌ಗಳಿಗೆ ಪವರ್ ಬಂದಾಗಲೆಲ್ಲ ಅದನ್ನು ಹೊಸದಾಗಿ ತುಂಬಬೇಕು. ಫೈಲ್ ಇಲ್ಲದಿದ್ದರೆ ಚಿಪ್ ಇದ್ದೂ ಇಲ್ಲದಂತೆ.

ಪತ್ತೆ ಹಚ್ಚೋದು ಹೇಗೆ?

ಈ ಆದೇಶಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ.

1. 'ಆರ್‌ಎಫ್‌ಕಿಲ್ ಲಿಸ್ಟ್': ಸಾಫ್ಟ್ ಬ್ಲಾಕ್ ಆಗಿದ್ದರೆ 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಬ್ಲೂಟೂತ್' ಸಾಕು. ಹಾರ್ಡ್ ಬ್ಲಾಕ್ ಆದರೆ ಲ್ಯಾಪ್‌ಟಾಪ್‌ನ ಸ್ವಿಚ್ ಅಥವಾ ಬಯೋಸ್ ನೋಡಿ.

2. 'ಎಲ್‌ಎಸ್‌ಯುಎಸ್‌ಬಿ': ವೈಫೈ, ಬ್ಲೂಟೂತ್ ಎರಡೂ ಒಂದೇ ಕಾರ್ಡ್‌ನಲ್ಲಿದ್ದರೂ ಬ್ಲೂಟೂತ್ ಭಾಗ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಯುಎಸ್‌ಬಿ ಮೂಲಕವೇ ಕೂಡಿರುತ್ತೆ. ಪಟ್ಟಿಯಲ್ಲಿ ಇಂಟೆಲ್, ರಿಯಲ್‌ಟೆಕ್, ಬ್ರಾಡ್‌ಕಾಮ್‌ನಂಥ ಹೆಸರು ಹುಡುಕಿ. ಕಾಣದಿದ್ದರೆ ಒಮ್ಮೆ ಪೂರ್ತಿ ಶಟ್‌ಡೌನ್ ಮಾಡಿ ಆನ್ ಮಾಡಿ. ಬರೀ ರೀಸ್ಟಾರ್ಟ್ ಮಾಡಿದರೆ ಚಿಪ್‌ಗೆ ಪವರ್ ಕಡಿತ ಆಗದೇ ಇರಬಹುದು.

3. 'ಸುಡೊ ಡಿಮೆಸ್ಗ್': ಫರ್ಮ್‌ವೇರ್ ಸಿಗಲಿಲ್ಲ ಅಂತಿದ್ದರೆ, ಬೇಕಾದ ಫೈಲ್‌ನ ಹೆಸರೂ ಸಾಮಾನ್ಯವಾಗಿ ಅಲ್ಲೇ ಇರುತ್ತೆ. ಉಬುಂಟುವಿನಲ್ಲಿ 'ಲಿನಕ್ಸ್ ಫರ್ಮ್‌ವೇರ್' ಪ್ಯಾಕೇಜ್ ಅಪ್‌ಡೇಟ್ ಮಾಡಿ. ಡೆಬಿಯನ್‌ನಲ್ಲಿ ಮುಕ್ತವಲ್ಲದ ಫರ್ಮ್‌ವೇರ್ ವಿಭಾಗ ಸೇರಿಸಿ, ನಿಮ್ಮ ಚಿಪ್‌ನ ಪ್ಯಾಕೇಜ್ ಹಾಕಿ.

4. ಕೊನೆಗೆ ಬ್ಲೂಟೂತ್ ಸರ್ವಿಸ್ ಓಡುತ್ತಿದೆಯೇ ನೋಡಿ, 'ಬ್ಲೂಟೂತ್‌ಸಿಟಿಎಲ್' ತೆರೆದು ಪವರ್, ಸ್ಕ್ಯಾನ್, ಪೇರ್, ಟ್ರಸ್ಟ್, ಕನೆಕ್ಟ್ ಈ ಕ್ರಮದಲ್ಲಿ ಸಾಗಿ.

ಇದರಲ್ಲಿ ರಾಜಕೀಯ ಎಲ್ಲಿ ಬಂತು?

ಇಂಟೆಲ್, ರಿಯಲ್‌ಟೆಕ್ ತಮ್ಮ ಫೈಲ್‌ಗಳನ್ನು ಹಂಚಲು ಅನುಮತಿ ಕೊಟ್ಟಿವೆ. ಹಾಗಾಗಿ ಅವು ಲಿನಕ್ಸ್ ಜೊತೆಗೇ ಬರುತ್ತವೆ. ಬ್ರಾಡ್‌ಕಾಮ್‌ನ ಹಲವು ಚಿಪ್‌ಗಳ ಬ್ಲೂಟೂತ್ ಫೈಲ್‌ಗಳಿಗೆ ಆ ಭಾಗ್ಯವಿಲ್ಲ. ಬಳಕೆದಾರರೇ ವಿಂಡೋಸ್ ಡ್ರೈವರ್ ಬಗೆದು ಅದನ್ನು ಹೊರತೆಗೆಯಬೇಕು. ದುಡ್ಡು ಕೊಟ್ಟು ಕೊಂಡ ಚಿಪ್ ಕೆಲಸ ಮಾಡಬೇಕೋ ಬೇಡವೋ ಎನ್ನೋದನ್ನು ಲೈಸೆನ್ಸ್ ಪತ್ರ ತೀರ್ಮಾನಿಸುತ್ತೆ ಅಂದ್ರೆ, ಅದು ಒಡೆತನದ ಪ್ರಶ್ನೆ.

ಡೆಬಿಯನ್ ಸಮುದಾಯ 2022ರಲ್ಲಿ ಇದನ್ನು ಮತಕ್ಕೆ ಹಾಕಿತು. ಇಂಥ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಸೇರಿಸೋಣ ಎಂಬ ಪಕ್ಷ ಗೆದ್ದಿತು. 2023ರ ಡೆಬಿಯನ್ 12ರಿಂದ ಅದು ಜಾರಿಗೆ ಬಂತು. ತತ್ವದಲ್ಲಿ ರಾಜಿ ಎಂಬ ಟೀಕೆಯಲ್ಲಿ ಹುರುಳಿದೆ. ಆದರೆ ವೈಫೈಯೂ ಬಾರದ ಯಂತ್ರ ಹೊಸಬರನ್ನು ವಿಂಡೋಸ್‌ಗೇ ವಾಪಸ್ ಕಳಿಸುತ್ತೆ ಎಂಬುದೂ ನಿಜ.

ಮುಂದಿನ ಲ್ಯಾಪ್‌ಟಾಪ್ ಕೊಳ್ಳುವಾಗ ಪ್ರೊಸೆಸರ್, ರ‍್ಯಾಮ್ ಜೊತೆ ವೈರ್‌ಲೆಸ್ ಚಿಪ್ ಯಾವುದು ಅಂತಲೂ ಕೇಳಿ. ಹೆಚ್ಚು ಗಿರಾಕಿಗಳು ಕೇಳಿದಷ್ಟೂ, ಕೊಡದೇ ಇರೋದು ಕಂಪನಿಗಳಿಗೆ ಕಷ್ಟವಾಗುತ್ತೆ.